ಮೂವತ್ತು ನೆರಿಗೆಗಳ ತಾಳ್ಮೆ

"ತಾಳಿದವನು ಬಾಳಿಯಾನು" ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತ ಬಂದಿದ್ದೇವೆ. ತಾಳಬೇಕು ಎಂಬುದನ್ನು ಗಾದೆ ಹೇಳುತ್ತದೆ. ತಾಳುವುದು ಹೇಗೆ ಎಂಬುದನ್ನು ಅದು ನಮಗೇ ಬಿಟ್ಟುಬಿಡುತ್ತದೆ. ತಾಳ್ಮೆಯು ಹುಟ್ಟಿನಿಂದ ಬರುವ ಗುಣ, ಕೆಲವರಿಗೆ ಒಲಿಯುತ್ತದೆ, ಉಳಿದವರಿಗೆ ಒಲಿಯುವುದಿಲ್ಲ ಎಂದು ಭಾವಿಸಿ, ಆರಂಭಿಸಿದ ಕೆಲಸವನ್ನು ಅರ್ಧಕ್ಕೆ ಕೈಬಿಡುವವರು ನಮ್ಮ ನಡುವೆ ಬಹಳ. ಆದರೆ ಕೈಕಸುಬುಗಳ ಚರಿತ್ರೆಯನ್ನು ಗಮನವಿಟ್ಟು ಓದಿದರೆ ಬೇರೊಂದು ಸತ್ಯ ಗೋಚರಿಸುತ್ತದೆ. ತಾಳ್ಮೆಯನ್ನೂ ಬಟ್ಟೆಯಂತೆ ಅಳೆದು, ಭಾಗಮಾಡಿ, ಒಂದೊಂದೇ ಹೊಲಿಗೆಯಾಗಿ ಕೂಡಿಸಿಕೊಳ್ಳಬಹುದು. ಹಾಗೆ ಕೂಡಿಸಿಕೊಂಡವರ ಒಂದು ಚರಿತ್ರೆಯನ್ನು ಈ ಲೇಖನದಲ್ಲಿ ನಿಮ್ಮ ಮುಂದಿಡಬಯಸುತ್ತೇನೆ. ಅದು ಸ್ಕಾಟ್ಲೆಂಡಿನ ಕಿಲ್ಟ್ ಎಂಬ ಉಡುಪಿನ ಚರಿತ್ರೆ.

ಸ್ಕಾಟ್ಲೆಂಡಿನ ಗಂಡಸರು ಮೊಣಕಾಲಿನವರೆಗೆ ಉಡುವ, ಚೌಕಳಿಯ ಉಣ್ಣೆಬಟ್ಟೆಯ, ಹಿಂಬದಿಯಲ್ಲಿ ಒತ್ತೊತ್ತಾಗಿ ನೆರಿಗೆಗಳಿರುವ ಉಡುಪನ್ನು ನೀವು ಚಿತ್ರಗಳಲ್ಲಿ ಕಂಡಿರಬಹುದು. ಸಂಪ್ರದಾಯಬದ್ಧವಾದ ಒಂದು ಕಿಲ್ಟಿಗೆ ಸುಮಾರು 8 ಗಜ ಉದ್ದದ ಬಟ್ಟೆ ಬೇಕು. ನಮ್ಮ ಹೆಣ್ಣುಮಕ್ಕಳು ದಿನನಿತ್ಯ ಉಡುವ ಸೀರೆಗಿಂತಲೂ ಇದು ಉದ್ದ. ಭಾರವಾದ ಉಣ್ಣೆಯಾದರೆ ತೂಕ ಎರಡು ಕಿಲೋಗ್ರಾಮಿನ ಆಸುಪಾಸು. ಅಷ್ಟು ಉದ್ದದ ಬಟ್ಟೆ ಇಪ್ಪತ್ತೈದರಿಂದ ಮೂವತ್ತು ನೆರಿಗೆಗಳೊಳಗೆ ಅಡಗಿ ಕುಳಿತಿರುತ್ತದೆ. ಹೊಲಿಗೆಯಂತ್ರ ಬಂದು ನೂರೈವತ್ತು ವರ್ಷ ಮೀರಿದ ಮೇಲೆಯೂ ಉತ್ತಮ ಕಿಲ್ಟನ್ನು ಕೈಯಿಂದಲೇ ಹೊಲಿಯುವ ಪದ್ಧತಿ ಉಳಿದುಬಂದಿದೆ. ಪಳಗಿದ ಕೈಗೂ ಇಪ್ಪತ್ತು ಗಂಟೆಗಳಿಗಿಂತ ಹೆಚ್ಚಿನ ಕೆಲಸವದು. ಹೊಸದಾಗಿ ಸೂಜಿ ಹಿಡಿದವರಿಗೆ ಅದರ ಎರಡು ಮೂರು ಪಟ್ಟು. ಇಷ್ಟೊಂದು ಶ್ರಮ ಏಕೆ? ನಡುವೆ ಬೇಸರ ಬಾರದೆ? ಬಂದಾಗ ಅವರನ್ನು ಮುಂದುವರಿಸಿದ್ದು ಯಾವುದು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಮೊದಲು ಆ ಉಡುಪಿನ ಹುಟ್ಟನ್ನು ತಿಳಿಯಬೇಕು.

ಹೊಲಿಗೆಯಿಲ್ಲದ ಕಾಲ

ಕಿಲ್ಟಿನ ಪೂರ್ವಜನಿಗೆ ಹೆಚ್ಚಿನ ಹೊಲಿಗೆಯೇ ಇರಲಿಲ್ಲ. ಸ್ಕಾಟ್ಲೆಂಡಿನ ಉತ್ತರ ಹಾಗೂ ಪಶ್ಚಿಮ ಭಾಗಗಳ ಬೆಟ್ಟನಾಡಿಗೆ ಹೈಲ್ಯಾಂಡ್ಸ್ ಎಂದು ಹೆಸರು. ಅಲ್ಲಿಯ ಗೇಲಿಕ್ ಭಾಷಿಕರು 'ಫೇಲೆ ಮೋರ್', ಅಂದರೆ ದೊಡ್ಡ ಕಿಲ್ಟ್, ಎಂದು ಕರೆಯುತ್ತಿದ್ದುದು ಒಂದು ಉದ್ದನೆಯ ಕಂಬಳಿಯನ್ನು. ಐರ್ಲೆಂಡಿನಲ್ಲಿ ಕೂಲಿ ಸೈನಿಕರಾಗಿ ಹೋರಾಡಲು ಹೋಗಿದ್ದ ಪಶ್ಚಿಮ ದ್ವೀಪಗಳ ಗಂಡಸರು ತಮ್ಮ ಮೇಲುಹೊದಿಕೆಯ ಮೇಲೆಯೇ ಸೊಂಟಪಟ್ಟಿ ಬಿಗಿದಿದ್ದರೆಂಬ 1594ರ ವರ್ಣನೆಯೊಂದು ಲಭ್ಯವಿದೆ. ಈ ಉಡುಪಿನ ಕುರಿತ ಮೊದಲ ಸ್ಪಷ್ಟ ಸಾಕ್ಷ್ಯವೆಂದು ವಿದ್ವಾಂಸರು ಅದನ್ನೇ ಉದಾಹರಿಸುತ್ತಾರೆ.

ಅಂದಿನ ಮಗ್ಗಗಳು ಕಿರಿದಾಗಿದ್ದುದರಿಂದ ಎರಡು ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಹೊಲಿದು ಕಂಬಳಿಗೆ ಬೇಕಾದ ಅಗಲವನ್ನು ಪಡೆಯುತ್ತಿದ್ದರು. ಇದ್ದ ಹೊಲಿಗೆ ಅದೊಂದೇ. ಮುಂಜಾನೆ ಆ ಕಂಬಳಿಯನ್ನು ಕೈಯಿಂದ ನೆರಿಗೆ ಹಿಡಿದು ಸೊಂಟಪಟ್ಟಿಯಿಂದ ಬಿಗಿದುಕೊಳ್ಳುವುದು. ಮೇಲಿನ ಭಾಗವನ್ನು ಹೆಗಲಿಗೆ ಹಾಕಿಕೊಳ್ಳುವುದು. ರಾತ್ರಿ ಅದನ್ನೇ ಬಿಚ್ಚಿ ಹೊದ್ದು ಮಲಗುವುದು. ನೆರಿಗೆ ಹಿಡಿಯುವುದೆಂದರೇನೆಂದು ನಮ್ಮ ಓದುಗರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಸೀರೆಯನ್ನೋ ಕಚ್ಚೆಪಂಚೆಯನ್ನೋ ಉಡುವವರು ಪ್ರತಿದಿನವೂ ಹೊಸದಾಗಿ ನೆರಿಗೆ ಹಿಡಿಯುತ್ತಾರೆ, ಸಂಜೆಗೆ ಅದು ಕದಡಿಹೋಗುತ್ತದೆ, ಮರುದಿನ ಮತ್ತೆ ಹಿಡಿಯುತ್ತಾರೆ. ಹೈಲ್ಯಾಂಡ್ಸಿನ ಗಂಡಸರದೂ ಅದೇ ಕ್ರಮವಾಗಿತ್ತು.

ಈ ನೆರಿಗೆಗಳು ಹೊಲಿಗೆಯಿಂದ ಸ್ಥಿರವಾದದ್ದು ಹೇಗೆ ಎಂಬ ವಿಷಯದಲ್ಲಿ ಒಂದು ಪ್ರಸಿದ್ಧ ವಿವಾದವಿದೆ. ಲ್ಯಾಂಕಷೈರಿನ ಥಾಮಸ್ ರಾಲಿನ್‌ಸನ್ ಎಂಬ ಕ್ವೇಕರ್ ಪಂಥದ ಉದ್ಯಮಿಯು 1720ರ ದಶಕದಲ್ಲಿ ಗ್ಲೆಂಗ್ಯಾರಿಯ ಮ್ಯಾಕ್‌ಡೊನೆಲ್ ಕುಲನಾಯಕನಿಂದ ಕಾಡನ್ನು ಗುತ್ತಿಗೆ ಪಡೆದು, ಅಲ್ಲಿ ಕಬ್ಬಿಣ ಕರಗಿಸುವ ಕುಲುಮೆಯನ್ನು ಸ್ಥಾಪಿಸಿದನು. ಮರ ಕಡಿಯುವ, ಕುಲುಮೆಗೆ ದುಡಿಯುವ ಆಳುಗಳಿಗೆ ದೊಡ್ಡ ಕಂಬಳಿಯು ಕೆಲಸಕ್ಕೆ ಅಡ್ಡಿಯಾಗುತ್ತಿತ್ತು. ಆಗ ಅವನು ಇನ್ವರ್ನೆಸ್‌ನಲ್ಲಿದ್ದ ಸೇನಾಪಡೆಯ ದರ್ಜಿಯ ನೆರವಿನಿಂದ ಮೇಲಿನ ಭಾಗವನ್ನು ಬೇರ್ಪಡಿಸಿ, ಕೆಳಗಿನ ಅರ್ಧಕ್ಕೆ ನೆರಿಗೆಗಳನ್ನು ಹೊಲಿಸಿ 'ಫೇಲೆ ಬೇಗ್', ಅಂದರೆ ಚಿಕ್ಕ ಕಿಲ್ಟನ್ನು, ರೂಪಿಸಿದನೆಂದು ಇವಾನ್ ಬೇಲಿ ಎಂಬವರು ಬರೆದ ಪತ್ರವೊಂದು ಹೇಳುತ್ತದೆ. ಆ ಪತ್ರ ಎಡಿನ್‌ಬರೊದ ನಿಯತಕಾಲಿಕದಲ್ಲಿ ಅಚ್ಚಾದದ್ದು 1785ರಲ್ಲಿ. ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ ಅವರು 1983ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಇದನ್ನೇ ಆಧಾರವಾಗಿಟ್ಟುಕೊಂಡು, ಪುರಾತನವೆಂದು ಮೆರೆಸಲ್ಪಡುವ ಕಿಲ್ಟ್ ಒಬ್ಬ ಇಂಗ್ಲಿಷ್ ಉದ್ಯಮಿಯ ಸೃಷ್ಟಿ ಎಂದು ವಾದಿಸಿದರು. ರಾಲಿನ್‌ಸನ್‌ಗಿಂತ ಮೊದಲೇ ಹೈಲ್ಯಾಂಡ್ಸಿನವರು ಕಂಬಳಿಯ ಕೆಳಗಿನ ಅರ್ಧವನ್ನು ಮಾತ್ರ ಉಡುವುದಿತ್ತೆಂದು ಇತರ ವಿದ್ವಾಂಸರು ಪ್ರತಿವಾದ ಹೂಡಿದ್ದಾರೆ.

ವಾದ ಯಾವ ಕಡೆಗೆ ವಾಲಿದರೂ ಒಂದು ಸಂಗತಿ ನಿಶ್ಚಿತ: ಕಿಲ್ಟನ್ನು ಕಿಲ್ಟನ್ನಾಗಿ ಮಾಡಿದ್ದು ಅದರ ಪ್ರಾಚೀನತೆಯಲ್ಲ, ಹೊಲಿಗೆ. ದಿನವೂ ಕದಡುತ್ತಿದ್ದ ನೆರಿಗೆಯನ್ನು ಯಾರೋ ಒಬ್ಬರು ಕುಳಿತು, ಸೂಜಿ ದಾರ ಹಿಡಿದು, ನಿಲ್ಲುವಂತೆ ಮಾಡಿದರು.

ನಿಷೇಧದ ಮೂವತ್ತೈದು ವರ್ಷ

1746ರ ಏಪ್ರಿಲ್ 16ರಂದು ಕಲ್ಲೋಡನ್ ಬಯಲಿನಲ್ಲಿ, ಸ್ಟೂವರ್ಟ್ ರಾಜವಂಶದ ಪರವಾಗಿ ದಂಗೆಯೆದ್ದಿದ್ದ ಹೈಲ್ಯಾಂಡ್ಸಿನ ಸೇನೆಯು ಸರಕಾರಿ ಪಡೆಯಿಂದ ಸಂಪೂರ್ಣವಾಗಿ ಪರಾಭವಗೊಂಡಿತು. ಅದೇ ವರ್ಷ ಬ್ರಿಟಿಷ್ ಸಂಸತ್ತು ಆ ಜನರ ಆಯುಧಗಳೊಡನೆ ಉಡುಪನ್ನೂ ಕಿತ್ತುಕೊಳ್ಳುವ ಶಾಸನವನ್ನು ಮಾಡಿತು. 1747ರ ಆಗಸ್ಟ್ 1ರಿಂದ ಯಾವ ಗಂಡಸಾಗಲಿ ಹುಡುಗನಾಗಲಿ ಕಿಲ್ಟನ್ನೋ ಕಂಬಳಿಯನ್ನೋ ಹೈಲ್ಯಾಂಡ್ಸಿನ ಉಡುಪಾಗಿ ತೊಡಕೂಡದು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳ ಸೆರೆವಾಸ, ಎರಡನೆಯ ಸಲ ಸಮುದ್ರದಾಚೆಯ ವಸಾಹತುಗಳಿಗೆ ಏಳು ವರ್ಷ ಗಡೀಪಾರು. ಈ ನಿಷೇಧ 1782ರವರೆಗೆ ಇತ್ತು. ಡಂಕನ್ ಬಾನ್ ಮ್ಯಾಕಿಂಟಯರ್ ಎಂಬ ಗೇಲಿಕ್ ಕವಿಯು ತನ್ನ ಜನರ ಮೇಲೆ ಹೇರಲ್ಪಟ್ಟ ಷರಾಯಿಯ ಕುರಿತೇ ಒಂದು ಅಸಮಾಧಾನದ ಹಾಡನ್ನು ಕಟ್ಟಿದನು.

ಮೂವತ್ತೈದು ವರ್ಷವೆಂದರೆ ಒಂದು ತಲೆಮಾರಿಗಿಂತ ಹೆಚ್ಚು. ಹುಡುಗನಾಗಿದ್ದಾಗ ಕಿಲ್ಟ್ ಕಳಚಿದವನು ಮೊಮ್ಮಕ್ಕಳನ್ನು ಕಾಣುವ ವಯಸ್ಸಿಗೆ ಬಂದಿರುತ್ತಾನೆ. ಆ ಹೊತ್ತಿಗೆ ನೆರಿಗೆ ಹಿಡಿಯುವ ಕೈಗಳು ಅದನ್ನು ಮರೆತುಬಿಡುವುದು ಸಹಜ. ಆದರೂ ಕಸುಬು ಸಾಯಲಿಲ್ಲ. ಅದಕ್ಕೆ ಎರಡು ಕಾರಣಗಳನ್ನು ಗುರುತಿಸಬಹುದು. ಶಾಸನದ ಒಕ್ಕಣೆಯು ಗಂಡಸರನ್ನೂ ಹುಡುಗರನ್ನೂ ಮಾತ್ರ ಹೆಸರಿಸಿತ್ತು. ಹೆಂಗಸರ ಪ್ರಸ್ತಾಪ ಅದರಲ್ಲಿರಲಿಲ್ಲ. ಚೌಕಳಿಯ ಬಟ್ಟೆಯನ್ನು, ಅಂದರೆ ಟಾರ್ಟನ್ನನ್ನು, ನೇಯುವುದಕ್ಕೂ ಸ್ತ್ರೀಯರು ಹೊದೆಯುವುದಕ್ಕೂ ತಡೆಯಿರಲಿಲ್ಲ. ಎರಡನೆಯದಾಗಿ, ಅರಸನ ಸೇನೆಯಲ್ಲಿ ಸೇವೆಗೈಯುವ ಹೈಲ್ಯಾಂಡ್ಸಿನ ಸೈನಿಕರಿಗೆ ವಿನಾಯಿತಿಯಿತ್ತು. ಊರಿನಲ್ಲಿ ಅಪರಾಧವಾದದ್ದು ಪಾಳೆಯದಲ್ಲಿ ಸಮವಸ್ತ್ರವಾಯಿತು. ಸ್ಟರ್ಲಿಂಗಿನ ಬಳಿಯ ಬ್ಯಾನಕ್‌ಬರ್ನ್‌ನಲ್ಲಿ ಸುಮಾರು 1765ರ ವೇಳೆಗೆ ಕೆಲಸ ಆರಂಭಿಸಿದ್ದ ವಿಲ್ಸನ್ ಮನೆತನದ ನೇಕಾರರು ಸೇನೆಗೆ ಟಾರ್ಟನ್ ಒದಗಿಸುತ್ತಲೇ ಬೆಳೆದರು. ಸೇನಾಪಡೆಗಳ ದರ್ಜಿಗಳ ಕೈಯಲ್ಲಿ ನೆರಿಗೆಯ ಹೊಲಿಗೆ ಬದುಕಿ ಉಳಿಯಿತು.

ಈ ಚರಿತ್ರೆಯ ಒಂದು ಎಳೆ ನಮ್ಮ ನಾಡಿಗೂ ಬಂದು ತಾಕುತ್ತದೆ. ನಿಷೇಧವಿನ್ನೂ ಜಾರಿಯಲ್ಲಿದ್ದಾಗ, 1779-80ರಲ್ಲಿ, 'ಬ್ಲ್ಯಾಕ್ ವಾಚ್' ಎಂದು ಹೆಸರಾದ 42ನೆಯ ಹೈಲ್ಯಾಂಡ್ ಪಡೆಯ ಎರಡನೆಯ ದಳವನ್ನು ಕಟ್ಟಲಾಯಿತು. ಆ ದಳ ಭಾರತಕ್ಕೆ ಬಂದು, 1783ರ ಮೇ ತಿಂಗಳಿನಿಂದ 1784ರ ಜನವರಿಯವರೆಗೆ ಟಿಪ್ಪುಸುಲ್ತಾನನ ಮುತ್ತಿಗೆಗೆ ಒಳಗಾದ ಮಂಗಳೂರು ಕೋಟೆಯಲ್ಲಿ ಭಾರತೀಯ ಸಿಪಾಯಿಗಳೊಡನೆ ಸಿಲುಕಿಕೊಂಡಿತ್ತು. ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನ ನೇತೃತ್ವದಲ್ಲಿ ಎಂಟು ತಿಂಗಳು ಹಸಿವು ರೋಗಗಳನ್ನು ಸಹಿಸಿ, ಕೊನೆಗೆ ಕೋಟೆಯನ್ನು ಒಪ್ಪಿಸಿ ಹೊರಬಂದಿತು. ಅದರ ಬೆನ್ನಿಗೇ ಕರಾವಳಿಯ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ನಡೆದ ಕಥೆಯನ್ನು ನಮ್ಮ ಓದುಗರು ಬಲ್ಲರು. 1786ರಲ್ಲಿ ಅದೇ ದಳವು 73ನೆಯ ಪಡೆಯೆಂಬ ಹೊಸ ಹೆಸರು ಪಡೆಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ಪಡೆಗಳಲ್ಲಿ ಅದೂ ಇತ್ತು.

ಮುಂದೆ ನಡೆದದ್ದನ್ನು ಗಮನಿಸಿ. ಹೈಲ್ಯಾಂಡ್ಸಿನಿಂದ ಸಾಕಷ್ಟು ಜನ ಸೇನೆಗೆ ಸಿಗುತ್ತಿಲ್ಲ, ಹೊರಗಿನವರು ಈ ಉಡುಪನ್ನು ಇಷ್ಟಪಡುತ್ತಿಲ್ಲ ಎಂಬ ಕಾರಣದಿಂದ 1809ರಲ್ಲಿ ಆರು ಪಡೆಗಳ ಕಿಲ್ಟನ್ನು ಸೇನಾ ಆಡಳಿತ ಹಿಂತೆಗೆದುಕೊಂಡಿತು. 73ನೆಯ ಪಡೆ ಅವುಗಳಲ್ಲೊಂದು. ನಿಷೇಧದ ಕಾಲದಲ್ಲಿ ಕಿಲ್ಟ್ ತೊಡುವ ಹಕ್ಕಿದ್ದ ಪಡೆ, ನಿಷೇಧ ತೊಲಗಿದ ಮೇಲೆ ಅದನ್ನು ಕಳೆದುಕೊಂಡಿತು. 1881ರಲ್ಲಿ ಸೇನೆಯ ಪುನರ್ರಚನೆಯಾಗಿ 73ನೆಯದು ಮತ್ತೆ ಬ್ಲ್ಯಾಕ್ ವಾಚ್‌ನೊಡನೆ ಕೂಡಿದಾಗ ಆ ಉಡುಪು ಮರಳಿ ಬಂದಿತು. ನಡುವೆ ಕಳೆದದ್ದು 72 ವರ್ಷ. ಅಷ್ಟು ದೀರ್ಘ ಕಾಲಾನಂತರವೂ ಮರಳಿ ಹೊಲಿದುಕೊಡುವ ಕೈಗಳು ಇದ್ದವು ಎಂಬುದೇ ಇಲ್ಲಿಯ ವಿಶೇಷ.

ಮೆರವಣಿಗೆ ಮತ್ತು ಮೌನ

1822ರ ಆಗಸ್ಟಿನಲ್ಲಿ ನಾಲ್ಕನೆಯ ಜಾರ್ಜ್ ಅರಸನು ಎಡಿನ್‌ಬರೊ ನಗರಕ್ಕೆ ಭೇಟಿಯಿತ್ತನು. ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್ ಆ ಸಮಾರಂಭದ ಸೂತ್ರಧಾರ. ಅರಸನ ಹೈಲ್ಯಾಂಡ್ ಉಡುಪು ಮತ್ತು ಆಭರಣಗಳಿಗೆ ತಗುಲಿದ ವೆಚ್ಚ 1,354 ಪೌಂಡ್. ಅಂದಿನಿಂದ ಕಿಲ್ಟ್ ಸಮಸ್ತ ಸ್ಕಾಟ್ಲೆಂಡಿನ ರಾಷ್ಟ್ರೀಯ ಉಡುಪೆನಿಸಿತು. ಬೆಟ್ಟನಾಡಿನವರನ್ನು ಒರಟರೆಂದು ಹೀಗಳೆಯುತ್ತಿದ್ದ ತಗ್ಗುನಾಡಿನ ಸಿರಿವಂತರೂ ಅದನ್ನು ತೊಟ್ಟು ಮೆರೆದರು.

ಆದರೆ ಅದೇ ದಶಕಗಳಲ್ಲಿ ಹೈಲ್ಯಾಂಡ್ಸಿನ ಬಡ ಒಕ್ಕಲುಗಳನ್ನು ಅವರ ಜಮೀನುಗಳಿಂದ ಹೊರಹಾಕಿ, ಆ ನೆಲವನ್ನು ಕುರಿಗಳಿಗೆ ಬಿಡಲಾಗುತ್ತಿತ್ತು. ಸದರ್ಲೆಂಡ್ ಪ್ರಾಂತ್ಯದಲ್ಲಿ 1811ರಿಂದ 1820ರವರೆಗೆ ಸಾವಿರಾರು ಜನ ಮನೆ ಕಳೆದುಕೊಂಡರು. ಚಿಕ್ಕ ಕಿಲ್ಟ್ ಹುಟ್ಟಿತೆನ್ನಲಾದ ಗ್ಲೆಂಗ್ಯಾರಿಯಲ್ಲಿ ಇದಕ್ಕೂ ಮೊದಲೇ ಹೀಗಾಗಿತ್ತು. ಅಲ್ಲಿಯ ನಿರ್ಗತಿಕ ಕಥೋಲಿಕ ಕುಟುಂಬಗಳಿಗಾಗಿ ದುಡಿದ ಅಲೆಕ್ಸಾಂಡರ್ ಮ್ಯಾಕ್‌ಡೊನೆಲ್ ಎಂಬ ಯಾಜಕರು 1794ರಲ್ಲಿ ಅವರಿಂದಲೇ ಒಂದು ಸೇನಾಪಡೆ ರೂಪುಗೊಳ್ಳಲು ಕಾರಣರಾಗಿ, ಅದರ ಗುರುಗಳಾದರು. ಪಡೆ ವಿಸರ್ಜನೆಯಾದ ಮೇಲೆ 1804ರಲ್ಲಿ ಅವರಿಗೆ ಕೆನಡಾದಲ್ಲಿ ನೆಲೆ ದೊರಕಿಸಲು ಹೊರಟರು. ಮುಂದೆ ಕಿಂಗ್‌ಸ್ಟನ್ನಿನ ಮೊದಲ ಬಿಷಪರಾದರು. ಉಡುಪಿಗೆ ಗೌರವ, ಉಟ್ಟವರಿಗೆ ಗಡೀಪಾರು! ಚರಿತ್ರೆಯ ಈ ವಿಪರ್ಯಾಸವನ್ನು ನಾವು ಮರೆಯಕೂಡದು. ಮೆರವಣಿಗೆಯ ಸಡಗರ ಕೆಲವು ದಿನಗಳದು. ಕಸುಬನ್ನು ಕಾಪಾಡಿದವರ ಹೆಸರುಗಳು ಅರಮನೆಯ ಲೆಕ್ಕಪುಸ್ತಕದಲ್ಲಿಲ್ಲ. ಅಂಗಡಿಯಿಂದ ಬಟ್ಟೆ ತಂದು ಮನೆಯ ಕಿಟಕಿಯ ಬೆಳಕಿನಲ್ಲಿ ಹೊಲಿದು ಕೊಟ್ಟ ಹೆಂಗಸರು, ಪಾಳೆಯದ ಮೂಲೆಯಲ್ಲಿ ಕುಳಿತ ದರ್ಜಿಗಳು ಮೌನವಾಗಿಯೇ ಉಳಿದರು.

ಇವರ ಕೆಲಸ ವರ್ಷದಿಂದ ವರ್ಷಕ್ಕೆ ಹಗುರವಾಗಲಿಲ್ಲ, ಮತ್ತಷ್ಟು ಕಠಿಣವಾಯಿತು. 1790ರ ದಶಕದ ಸೈನಿಕ ಕಿಲ್ಟುಗಳಲ್ಲಿ ಸುಮಾರು 4 ಗಜ ಬಟ್ಟೆಯೂ ಅಗಲವಾದ ಕೆಲವೇ ನೆರಿಗೆಗಳೂ ಇದ್ದವು. 1850ರ ದಶಕದಲ್ಲಿ ಗೋರ್ಡನ್ ಹೈಲ್ಯಾಂಡರ್ಸ್ ಪಡೆಯವರು ಒಂದೇ ದಿಕ್ಕಿಗೆ ಮಡಚಿದ ಕಿರಿದಾದ ನೆರಿಗೆಗಳನ್ನು ಸ್ವೀಕರಿಸಿದರು. ಅಲ್ಲಿಂದ ಬಟ್ಟೆಯ ಉದ್ದ ಬೆಳೆಯುತ್ತ ಹೋಗಿ 8 ಗಜಕ್ಕೆ ಮುಟ್ಟಿತು. ಯಂತ್ರಯುಗವು ಉಳಿದ ಉಡುಪುಗಳ ಹೊಲಿಗೆಯನ್ನು ಸುಲಭಗೊಳಿಸುತ್ತಿದ್ದಾಗ ಕಿಲ್ಟ್ ಮಾತ್ರ ಹೆಚ್ಚು ತಾಳ್ಮೆಯನ್ನು ಬೇಡತೊಡಗಿತು.

ಕೈಯ ಲೆಕ್ಕ

ಹಾಗಾದರೆ ಆ ಕೆಲಸವಾದರೂ ಎಂಥದು? ಟಾರ್ಟನ್ ಬಟ್ಟೆಯಲ್ಲಿ ಬಣ್ಣದ ಗೆರೆಗಳು ಹಾಸಿನಲ್ಲಿಯೂ ಹೊಕ್ಕಿನಲ್ಲಿಯೂ ನಿರ್ದಿಷ್ಟ ಎಳೆಗಳ ಲೆಕ್ಕದಲ್ಲಿ ಬಂದು, ಒಂದೇ ಚೌಕಳಿ ಮತ್ತೆ ಮತ್ತೆ ಆವರ್ತಿಸುತ್ತದೆ. ಉತ್ತಮ ಕಿಲ್ಟಿನ ಹಿಂಭಾಗವನ್ನು ನೋಡಿದರೆ ಆ ಚೌಕಳಿ ಒಂದಿಷ್ಟೂ ತುಂಡಾಗದೆ, ಮುಂಭಾಗದಲ್ಲಿರುವಂತೆಯೇ ಕಾಣುತ್ತದೆ. ಅಂದರೆ ಪ್ರತಿಯೊಂದು ನೆರಿಗೆಯ ಒಳಗೆ ಒಂದು ಪೂರ್ಣ ಚೌಕಳಿಯ ಆವರ್ತನವನ್ನು ಅಡಗಿಸಿ, ಮುಂದಿನ ತುಣುಕು ಹಿಂದಿನದಕ್ಕೆ ಸರಿಯಾಗಿ ಕೂಡುವಂತೆ ಮಡಚಿರುತ್ತಾರೆ. ಸೈನ್ಯದ ಅನೇಕ ಪಡೆಗಳು ಇನ್ನೊಂದು ರೀತಿಯನ್ನು ಅನುಸರಿಸಿದವು. ಅದರಲ್ಲಿ ಪ್ರತಿ ನೆರಿಗೆಯ ಮೇಲೂ ಒಂದೇ ಬಣ್ಣದ ಗೆರೆ ನೇರವಾಗಿ ಇಳಿಯುತ್ತದೆ.

ಕಷ್ಟ ಇರುವುದು ಮುಂದೆ. ಮನುಷ್ಯನ ಸೊಂಟ ಕಿರಿದು, ಅದರ ಕೆಳಗಿನ ಭಾಗ ಅಗಲ. ಆದುದರಿಂದ ಪ್ರತಿ ನೆರಿಗೆಯೂ ಕೆಳಗೆ ಮುಕ್ಕಾಲು ಅಂಗುಲದಷ್ಟಿದ್ದು, ಮೇಲೇರುತ್ತ ಅರ್ಧ ಅಂಗುಲದಷ್ಟಕ್ಕೆ ಕಿರಿದಾಗಬೇಕು. ಅಷ್ಟಾಗಿಯೂ ಚೌಕಳಿ ಕೂಡಿಕೊಳ್ಳಬೇಕು. ಈ ಓರೆಯನ್ನು ಕಣ್ಣಿನಿಂದ ನೋಡುತ್ತ, ಬೆರಳಿನಿಂದ ಸರಿಪಡಿಸುತ್ತ ಹೊಲಿಯಬೇಕೇ ಹೊರತು, ಪದರಗಳನ್ನು ಎಳೆದುಕೊಂಡು ಹೋಗುವ ಯಂತ್ರದಿಂದ ಅದು ಹದವಾಗಿ ಬರುವುದು ಕಷ್ಟ. ಕೈಹೊಲಿಗೆ ಇಂದಿಗೂ ಉಳಿದಿರುವುದಕ್ಕೆ ಇದೇ ಕಾರಣ.

ಒಂದು ಲೆಕ್ಕ ಹಾಕೋಣ. ಒಂದು ನೆರಿಗೆಯಲ್ಲಿ ಹೊಲಿಗೆ ಬೀಳುವ ಉದ್ದ ಸುಮಾರು 8 ಅಂಗುಲ. ಮೂವತ್ತು ನೆರಿಗೆಗಳಿಗೆ 240 ಅಂಗುಲ. ಅಂಗುಲಕ್ಕೆ ಹತ್ತು ಹೊಲಿಗೆಗಳೆಂದು ಹಿಡಿದರೂ 2,400 ಹೊಲಿಗೆಗಳು! ಇದು ನೆರಿಗೆಗಳದು ಮಾತ್ರ. ಅನಂತರ ಒಳಗಡೆ ಅಡ್ಡಲಾಗಿ ಹೊಲಿದು ನೆರಿಗೆಗಳ ಭಾರವನ್ನು ಹಿಡಿದಿಡಬೇಕು, ಕ್ಯಾನ್ವಾಸ್ ಕೂಡಿಸಬೇಕು, ಒಳಪದರ ಹೊಲಿಯಬೇಕು, ಚರ್ಮದ ಪಟ್ಟಿ, ಬಕಲುಗಳನ್ನು ಜೋಡಿಸಬೇಕು, ಕಚ್ಚಾ ಹೊಲಿಗೆ ಹಾಕಿ ಇಸ್ತ್ರಿ ಮಾಡಬೇಕು.

ಇನ್ನೊಂದು ಲೆಕ್ಕವಂತೂ ಆರಂಭಿಕರನ್ನು ಬೆಚ್ಚಿಬೀಳಿಸುತ್ತದೆ. ಪ್ರತಿ ನೆರಿಗೆಯಲ್ಲಿ ಕೇವಲ ಒಂದು ಮಿಲಿಮೀಟರ್ ತಪ್ಪಿದರೆ, ಇಪ್ಪತ್ತೇಳು ನೆರಿಗೆಗಳಾದಾಗ ತಪ್ಪು 27 ಮಿಲಿಮೀಟರ್, ಅಂದರೆ ಒಂದು ಅಂಗುಲಕ್ಕಿಂತ ಹೆಚ್ಚು. ಉಡುಪು ಬಿಗಿಯಾಗಿ ಉಡಲಿಕ್ಕೇ ಬಾರದಂತಾಗುತ್ತದೆ, ಇಲ್ಲವೆ ಸಡಿಲವಾಗಿ ಜಾರುತ್ತದೆ. ಒಂದೊಂದು ತಪ್ಪೂ ಕಣ್ಣಿಗೆ ಕಾಣದಷ್ಟು ಸಣ್ಣದು. ಕೂಡಿದ ಫಲ ಮಾತ್ರ ದೊಡ್ಡದು. ನಮ್ಮ ದಿನನಿತ್ಯದ ಬದುಕಿಗೂ ಈ ಲೆಕ್ಕ ಅನ್ವಯಿಸುವುದಿಲ್ಲವೇ?

ತಾಳ್ಮೆಯ ನಾಲ್ಕು ಊರುಗೋಲುಗಳು

ಕಿಲ್ಟ್ ಹೊಲಿಯುವವರು ನಮಗಿಂತ ಶಾಂತಸ್ವಭಾವದವರೇನಲ್ಲ. ಹತ್ತನೆಯ ನೆರಿಗೆಯ ಹೊತ್ತಿಗೆ ಮೊದಲ ದಿನದ ಉತ್ಸಾಹ ಇಳಿದಿರುತ್ತದೆ, ಮುಕ್ತಾಯ ಇನ್ನೂ ಕಣ್ಣಿಗೆ ಬಿದ್ದಿರುವುದಿಲ್ಲ. ಸೂಜಿಯನ್ನು ಕೆಳಗಿಟ್ಟು ಬಟ್ಟೆಯನ್ನು ಪೆಟ್ಟಿಗೆಗೆ ಸೇರಿಸಬೇಕೆಂಬ ಮನಸ್ಸಾಗುವುದು ಅಂಥ ನಡುಭಾಗದಲ್ಲಿಯೇ. ಆದರೆ ಆ ಕಸುಬಿನ ಕ್ರಮವೇ ಅವರ ಬೇಸರಕ್ಕೆ ಊರುಗೋಲಾಗಿ ನಿಲ್ಲುವಂತಿದೆ. ಅದರಿಂದ ನಾವು ನಾಲ್ಕು ಪಾಠಗಳನ್ನು ಆಯ್ದುಕೊಳ್ಳಬಹುದು.

ಮೊದಲನೆಯದು, ಅವರು ಕಿಲ್ಟನ್ನು ಹೊಲಿಯುವುದಿಲ್ಲ, ಒಂದು ನೆರಿಗೆಯನ್ನು ಹೊಲಿಯುತ್ತಾರೆ. ಒಂದು ನೆರಿಗೆಗೆ ಆರಂಭವಿದೆ, ಅಂತ್ಯವಿದೆ. ಅದನ್ನು ಒಂದೇ ಕುಳಿತಲ್ಲಿ ಮುಗಿಸಬಹುದು. ಇಂದಿನ ಪಾಲು ಮುಗಿಯಿತು ಎಂಬ ತೃಪ್ತಿಯಿಂದ ಮೇಲೇಳಬಹುದು. 8 ಗಜವನ್ನು ಒಮ್ಮೆಗೇ ನೋಡಿದವನು ಹೆದರುತ್ತಾನೆ. 8 ಅಂಗುಲವನ್ನು ನೋಡಿದವನು ಹೊಲಿಯುತ್ತಾನೆ.

ಎರಡನೆಯದು, ಅವರು ಕೆಲವು ನೆರಿಗೆಗಳಿಗೊಮ್ಮೆ ನಿಂತು ಟೇಪು ಹಿಡಿದು ಅಳೆಯುತ್ತಾರೆ. ಅಳತೆ ತಪ್ಪಿದ್ದರೆ ಅಲ್ಲಿಯೇ ಬಿಚ್ಚಿ ಮತ್ತೆ ಹೊಲಿಯುತ್ತಾರೆ. ಮೂರು ನೆರಿಗೆಗಳನ್ನು ಬಿಚ್ಚುವುದು ಬೇಸರದ ಕೆಲಸ. ಇಪ್ಪತ್ತನ್ನು ಬಿಚ್ಚಬೇಕಾಗಿ ಬರುವುದು ಎದೆಯೊಡೆಯುವ ಕೆಲಸ. ಬಿಚ್ಚುವುದನ್ನು ಅವರು ಸೋಲೆಂದು ಎಣಿಸುವುದಿಲ್ಲ, ಹೊಲಿಯುವುದರ ಒಂದು ಭಾಗವೆಂದೇ ಎಣಿಸುತ್ತಾರೆ. ನಿತ್ಯವೂ ಅಲ್ಪ ಹೊತ್ತು ತನ್ನನ್ನು ತಾನೇ ಅಳೆದುಕೊಳ್ಳುವವನಿಗೆ ವರ್ಷಾಂತ್ಯದಲ್ಲಿ ದೊಡ್ಡ ಪಶ್ಚಾತ್ತಾಪಕ್ಕೆ ಕಾರಣವಿರುವುದಿಲ್ಲ.

ಮೂರನೆಯದು, ಕತ್ತರಿ ಕೊನೆಗೆ ಬರುತ್ತದೆ. ನೆರಿಗೆಗಳ ಒಳಗಡೆ ಸೊಂಟದ ಹತ್ತಿರ ದಪ್ಪವಾಗಿ ಸೇರುವ ಹೆಚ್ಚುವರಿ ಬಟ್ಟೆಯನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಒಮ್ಮೆ ಕತ್ತರಿಸಿದ ಮೇಲೆ ಹಿಂದಿರುಗುವ ದಾರಿಯಿಲ್ಲ. ಆದುದರಿಂದ ನೆರಿಗೆಗಳೆಲ್ಲ ಹೊಲಿದು ಭದ್ರವಾಗಿ, ಅಡ್ಡ ಹೊಲಿಗೆಗಳು ಭಾರವನ್ನು ಹಿಡಿದ ನಂತರವೇ ಅವರು ಕತ್ತರಿ ಎತ್ತುತ್ತಾರೆ. ಅವಸರದಲ್ಲಿ ಮೊದಲೇ ಕತ್ತರಿಸಿದ ಮಾತುಗಳು, ಸಂಬಂಧಗಳು ನಮ್ಮ ಸಂಸಾರಗಳಲ್ಲಿ ಎಷ್ಟಿಲ್ಲ!

ನಾಲ್ಕನೆಯದು, ಅವರು ಕಣ್ಣಿಗೆ ಕಾಣದ ಹೊಲಿಗೆಗೂ ಅಷ್ಟೇ ಗಮನ ಕೊಡುತ್ತಾರೆ. ಮೇಲಿನ ಹೊಲಿಗೆ ಬಟ್ಟೆಯ ಬಣ್ಣದಲ್ಲಿಯೇ ಕರಗಿಹೋಗಬೇಕು. ಕಂಡರೆ ಅದೇ ದೋಷ. ಒಳಗಿನ ಅಡ್ಡ ಹೊಲಿಗೆಗಳು ಒಳಪದರದ ಹಿಂದೆ ಮುಚ್ಚಿಹೋಗುತ್ತವೆ. ಬಟ್ಟೆಯನ್ನು ಉದ್ದಕ್ಕೆ ಸೀಳಿ ಎರಡು ತುಂಡುಗಳನ್ನು ಕೂಡಿಸಿ 8 ಗಜ ಮಾಡಿದ್ದರೆ, ಆ ಕೂಡುವಿಕೆ ಒಂದು ನೆರಿಗೆಯ ಒಳಗೆ ಅಡಗುತ್ತದೆ. ತೊಟ್ಟವನಿಗೂ ಅದು ಗೊತ್ತಾಗುವುದಿಲ್ಲ. ಆದರೆ ಇಡೀ ಉಡುಪು ನಿಲ್ಲುವುದು ಈ ಕಾಣದ ಹೊಲಿಗೆಗಳ ಬಲದ ಮೇಲೆ. ಹೊಗಳಿಕೆಯನ್ನು ನೆಚ್ಚಿಕೊಂಡ ಉತ್ಸಾಹ ಹೊಗಳುವವರು ಎದ್ದುಹೋದಾಗ ಬತ್ತುತ್ತದೆ. ಕೆಲಸದ ಹದವನ್ನೇ ನೆಚ್ಚಿಕೊಂಡ ಉತ್ಸಾಹ ಹಾಗಲ್ಲ.

ಈ ಹೊಲಿಗೆಗಳಿಗೆ ಕಠಿಣ ಪರೀಕ್ಷೆಯೂ ಒದಗಿತು. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಹೈಲ್ಯಾಂಡ್ ಪಡೆಗಳವರು ಕಿಲ್ಟ್ ಉಟ್ಟೇ ಫ್ರಾನ್ಸಿನ ಕಂದಕಗಳಲ್ಲಿ ದಿನ ಕಳೆದರು. ಮಳೆಯಲ್ಲಿ ತೊಯ್ದ ಉಣ್ಣೆ ಕೆಸರು ಹಿಡಿದು ಹೇರಾಗುತ್ತಿತ್ತು. ಚಳಿಗೆ ಹೆಪ್ಪುಗಟ್ಟಿದ ಅಂಚು ಮೊಣಕಾಲಿನ ಹಿಂಬದಿಯನ್ನು ಕೊಯ್ಯುತ್ತಿತ್ತು. ನೆರಿಗೆಗಳ ಒಳಗೆ ಹೇನುಗಳು ಬೀಡುಬಿಡುತ್ತಿದ್ದವು. 1940ರಲ್ಲಿ ಸೇನೆಯು ರಣರಂಗದಿಂದ ಕಿಲ್ಟನ್ನು ಹಿಂತೆಗೆದುಕೊಂಡಿತು. ಯುದ್ಧದ ವೈಭವವನ್ನು ಹಾಡುವುದು ನನ್ನ ಉದ್ದೇಶವಲ್ಲ. ಯಾರೋ ಹೊಲಿದ ಉಡುಪಿನ ಮೇಲೆ ಇನ್ನಾರದೋ ಸಂಕಟದ ಭಾರ ಬೀಳುತ್ತದೆ ಎಂಬುದನ್ನಷ್ಟೇ ಹೇಳುತ್ತಿದ್ದೇನೆ. ನಮ್ಮ ಕೆಲಸ ಎಂದು, ಎಲ್ಲಿ, ಯಾರ ಪಾಲಿಗೆ ಆಸರೆಯಾಗಬೇಕಾಗಿ ಬಂದೀತೋ ನಾವು ಅರಿಯೆವು. ಹೊಲಿಯುವ ಹೊತ್ತಿನಲ್ಲಿ ಕಳ್ಳತನ ಮಾಡದಿರಲು ಇದಕ್ಕಿಂತ ದೊಡ್ಡ ಕಾರಣ ಬೇಕೆ?

ಕೈಯಿಂದ ಕೈಗೆ

ಶತಮಾನಗಳವರೆಗೆ ಈ ವಿದ್ಯೆ ಪುಸ್ತಕದಲ್ಲಿರಲಿಲ್ಲ, ಕೈಯಲ್ಲಿತ್ತು. ಹಿರಿಯಳ ಪಕ್ಕದಲ್ಲಿ ಕುಳಿತು ಕಿರಿಯಳು ಕಲಿಯುತ್ತಿದ್ದಳು. ಕೈಗಳು ಕಡಿಮೆಯಾಗುತ್ತ ಬಂದಾಗ, ಸ್ಕಾಟ್ಲೆಂಡಿನಲ್ಲಿ ಪಳಗಿ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ಎಲ್ಸಿ ಸ್ಟ್ಯೂಮೆಯರ್ ಅವರಿಂದ, ಭೂವಿಜ್ಞಾನದ ಪ್ರಾಧ್ಯಾಪಿಕೆ ಬಾರ್ಬರಾ ಟ್ಯೂಕ್ಸ್‌ಬರಿ ಅವರು ಕಲಿತರು. ಇಬ್ಬರೂ ಕೂಡಿ 2001ರಲ್ಲಿ 'ದಿ ಆರ್ಟ್ ಆಫ್ ಕಿಲ್ಟ್‌ಮೇಕಿಂಗ್' ಎಂಬ ಗ್ರಂಥವನ್ನು ಹೊರತಂದರು. ಸೂಜಿ ಹಿಡಿಯುವುದರಿಂದ ಹಿಡಿದು ಕೊನೆಯ ಇಸ್ತ್ರಿಯವರೆಗೆ ಎಲ್ಲವನ್ನೂ ಅದರಲ್ಲಿ ಹಂತಹಂತವಾಗಿ ವಿವರಿಸಿದ್ದಾರೆ. ಬಂಡೆಗಳ ಪದರಗಳು ಲಕ್ಷಾಂತರ ವರ್ಷಗಳಲ್ಲಿ ಮಡಚಿಕೊಳ್ಳುವ ಬಗೆಯನ್ನು ಅಭ್ಯಾಸ ಮಾಡುವ ವಿದ್ವಾಂಸೆಯೊಬ್ಬರು ನೆರಿಗೆಯ ಶಾಸ್ತ್ರವನ್ನು ಬರಹಕ್ಕಿಳಿಸಿದ್ದು ಉಚಿತವೇ ಆಗಿದೆ. ಆ ಪುಸ್ತಕದ ನೆರವಿನಿಂದ ಸ್ಕಾಟ್ಲೆಂಡನ್ನೇ ಕಾಣದ ಎಷ್ಟೋ ಮಂದಿ ತಮ್ಮ ಮೊದಲ ಕಿಲ್ಟನ್ನು ತಾವೇ ಹೊಲಿದುಕೊಂಡಿದ್ದಾರೆ.

ಹಾಗಿದ್ದರೂ ಅಪಾಯ ತಪ್ಪಿಲ್ಲ. ಅಳಿವಿನ ಅಂಚಿನಲ್ಲಿರುವ ಕೈಕಸುಬುಗಳ ಕುರಿತು ಬ್ರಿಟನ್ನಿನಲ್ಲಿ ಪ್ರಕಟವಾಗುವ ಕೆಂಪು ಪಟ್ಟಿಯಲ್ಲಿ ಕಿಲ್ಟ್ ತಯಾರಿಕೆಯ ಹೆಸರೂ ಸೇರಿತು. ಅಗ್ಗದ, ಯಂತ್ರದಲ್ಲಿ ಹೊಲಿದ ಉಡುಪುಗಳು ಪ್ರವಾಸಿಗರ ಅಂಗಡಿಗಳನ್ನು ತುಂಬಿವೆ. ಇಪ್ಪತ್ತು ಗಂಟೆ ದುಡಿದವರಿಗೆ ತಕ್ಕ ಕೂಲಿ ಕೊಡಬಲ್ಲವರು ಕೆಲವರೇ. 1746ರ ಶಾಸನ ಅಳಿಸಲಾರದ್ದನ್ನು ನಮ್ಮ ಕಾಲದ ಅವಸರ ಅಳಿಸಿಬಿಡಬಹುದು. ಕೈಯಿಂದ ಹೊಲಿದ ಕಿಲ್ಟಿಗಾದರೋ ಇನ್ನೊಂದು ಗುಣವುಂಟು. ಅದನ್ನು ಬಿಚ್ಚಿ, ಮತ್ತೊಬ್ಬನ ಅಳತೆಗೆ ಮರಳಿ ಹೊಲಿಯಬಹುದು. ತಂದೆಯ ಕಿಲ್ಟ್ ಮಗನಿಗೆ, ಅಜ್ಜನದು ಮೊಮ್ಮಗನಿಗೆ ಬಂದ ಮನೆತನಗಳು ಅಲ್ಲಿ ಇವೆ.

ಪ್ರಿಯ ವಾಚಕರೇ, ನಮ್ಮಲ್ಲಿ ಹೆಚ್ಚಿನವರು ಕಿಲ್ಟ್ ಹೊಲಿಯಲಾರೆವು, ಹೊಲಿಯಬೇಕಾಗಿಯೂ ಇಲ್ಲ. ಆದರೆ ನಮ್ಮೆಲ್ಲರ ಮಡಿಲಲ್ಲಿಯೂ ಒಂದಲ್ಲ ಒಂದು 8 ಗಜದ ಬಟ್ಟೆ ಬಿದ್ದಿದೆ. ಹಾಸಿಗೆ ಹಿಡಿದ ತಾಯಿಯ ಆರೈಕೆ ಒಬ್ಬರದು. ಓದಿನಲ್ಲಿ ಹಿಂದುಳಿದ ಮಗುವಿಗೆ ಅಕ್ಷರ ಕಲಿಸುವುದು ಇನ್ನೊಬ್ಬರದು. ವರ್ಷಗಳಿಂದ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಕೂಡಿಸುವುದು ಮತ್ತೊಬ್ಬರದು. ಇಡೀ ಉದ್ದವನ್ನು ನೋಡಿದರೆ ಯಾರಿಗೂ ಧೈರ್ಯ ಬಾರದು. ಮುಗಿದ ನೆರಿಗೆಗಳನ್ನು ಎಣಿಸುತ್ತ ಕುಳಿತರೆ ಅಹಂಕಾರ, ಉಳಿದವನ್ನು ಎಣಿಸುತ್ತ ಕುಳಿತರೆ ನಿರಾಶೆ. ಎರಡನ್ನೂ ಬಿಟ್ಟು, ಇಂದು ಕೈಗೆ ಬಂದಿರುವ ನೆರಿಗೆಯ ಗೆರೆಯನ್ನು ಹಿಂದಿನದಕ್ಕೆ ಸರಿಯಾಗಿ ಕೂಡಿಸಿ ನೋಡಿ. ಕೂಡದಿದ್ದರೆ ಬಿಚ್ಚಿ, ಮತ್ತೆ ಕೂಡಿಸಿ. ದಾರ ತೀರಿದರೆ ಹೊಸ ದಾರ ಪೋಣಿಸಿಕೊಳ್ಳಿ.